ಬಾರ್ಬಡೋಸ್‌ನಲ್ಲಿ ಒಂದು ಹಗಲು: ಕ್ರೂಸ್ ಪ್ರಯಾಣಿಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಚ್-1ಬಿ ಎಂಬ ಉದ್ಯೋಗದ ವೀಸಾದಲ್ಲಿದ್ದಾಳೆ. ನಮ್ಮನ್ನು ಸಾನ್ ಹುವಾನ್‌ನಿಂದ ಹೊರಡುವ ಕೆರಿಬಿಯನ್ ಕ್ರೂಸ್‌ಗೆ ಕರೆದೊಯ್ಯುತ್ತಾಳಂತೆ. ಬಾರ್ಬಡೋಸ್‌ಗೆ ಬೇರೆ ವೀಸಾ ಮಾಡಿಸಬೇಕೆ? (ತುಮಕೂರು)

ಉತ್ತರ: ಬೇಡ. ಭಾರತದ ಪಾಸ್‌ಪೋರ್ಟ್ ಇದ್ದವರು ಪ್ರವಾಸಕ್ಕೆ ವೀಸಾ ಇಲ್ಲದೆಯೇ ಬಾರ್ಬಡೋಸ್‌ಗೆ ಹೋಗಬಹುದು. ತೊಡಕು ಇರುವುದು ಅಮೆರಿಕದ ವೀಸಾದಲ್ಲಿ. ಸಾನ್ ಹುವಾನ್ ಇರುವ ಪೋರ್ಟೊ ರಿಕೊ ಅಮೆರಿಕದ್ದೇ ನೆಲ. ಅಲ್ಲಿಂದ ಹಡಗು ಹತ್ತಿದರೆ ನೀವು ಅಮೆರಿಕ ಬಿಟ್ಟು ಹೊರಟಂತೆ, ವಾಪಸ್ ಬಂದಾಗ ಹೊಸದಾಗಿ ಒಳಹೊಕ್ಕಂತೆ. ಹಾಗಾಗಿ ನಿಮ್ಮ ವೀಸಾ ಹಲವು ಬಾರಿ ಪ್ರವೇಶಕ್ಕೆ ಅವಕಾಶ ಇರುವಂಥದ್ದೇ ಆಗಿರಬೇಕು.

ಮಗಳ ಪಾಸ್‌ಪೋರ್ಟನ್ನೂ ಈಗಲೇ ತೆಗೆದು ನೋಡಿ. ಅದರಲ್ಲಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದ್ದರೂ ಕೆಲವು ಷರತ್ತುಗಳ ಮೇಲೆ 30 ದಿನದೊಳಗೆ ಮರಳಬಹುದೆಂಬ ವಿನಾಯಿತಿಯೊಂದಿದೆ. ಎಚ್-1ಬಿಯವರಿಗೆ ಅದು ಅನ್ವಯಿಸುವುದು ಕೆನಡಾ, ಮೆಕ್ಸಿಕೊಗೆ ಹೋಗಿ ಬಂದರೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಆ ಸೌಲಭ್ಯ ಇರುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ಇದು ತಿಳಿಯದೆ ಟಿಕೆಟ್ ಕೊಂಡು, ಹಡಗು ಹತ್ತುವ ಕಟ್ಟೆಯಲ್ಲಿ ಸಿಕ್ಕಿಬೀಳುವುದು ಬೇಡ.

ಹಡಗು ಮುಟ್ಟುವ ಉಳಿದ ದ್ವೀಪಗಳ ನಿಯಮ ಒಂದೊಂದು ಒಂದೊಂದು ಬಗೆ. ಇಳಿಯದೆ ಹಡಗಿನಲ್ಲೇ ಕೂರುತ್ತೇವೆ ಎಂದರೂ ಕಂಪನಿಯವರು ವೀಸಾ ಕೇಳಬಹುದು. ದ್ವೀಪಗಳ ಪಟ್ಟಿ ಕಳಿಸಿ, ಬರಹದಲ್ಲೇ ಉತ್ತರ ಪಡೆಯಿರಿ. ಪಟ್ಟಿಯಲ್ಲಿ ಟ್ರಿನಿಡಾಡ್ ಇದ್ದರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿ, ಪ್ರಮಾಣಪತ್ರ ಜತೆಗಿಟ್ಟುಕೊಳ್ಳಿ. ಅದಿಲ್ಲದೆ ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು.

ಪ್ರಶ್ನೆ: ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ. ಹಡಗಿನವರ ಟೂರ್ ದುಬಾರಿ. ನಾವೇ ಸುತ್ತಿ ಬರಬಹುದೆ? (ದಾವಣಗೆರೆ)

ಉತ್ತರ: ಧಾರಾಳವಾಗಿ. ಆದರೆ ಒಂಬತ್ತು ಗಂಟೆ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಹಡಗು ಕಟ್ಟೆಗೆ ತಾಗಿದ ಮೇಲೆ ಇಳಿಯಲು ಅನುಮತಿ ಸಿಗಬೇಕು, ಎಲ್ಲರೂ ಮೆಟ್ಟಿಲ ಹತ್ತಿರ ಸಾಲು ನಿಂತಿರುತ್ತಾರೆ. ಹೊರಡುವುದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು ಎಲ್ಲರೂ ಒಳಗಿರಬೇಕು. ನೆಮ್ಮದಿಯಾಗಿ ಕೈಗೆ ಸಿಗುವುದು ಆರು ಗಂಟೆ.

ದ್ವೀಪ ಚಿಕ್ಕದು, ಉದ್ದ 34 ಕಿ.ಮೀ., ಅಗಲ 23. ನಕ್ಷೆ ನೋಡಿದರೆ ಒಂದೇ ದಿನದಲ್ಲಿ ಸುತ್ತಿಬಿಡಬಹುದು ಎನಿಸುತ್ತದೆ. ಆದರೆ ರಸ್ತೆಗಳು ಕಿರಿದು, ಹಡಗು ನಿಲ್ಲುವ ರಾಜಧಾನಿ ಬ್ರಿಜ್‌ಟೌನ್ ಸುತ್ತಮುತ್ತ ಸಂಜೆ ವಾಹನಗಳ ದಟ್ಟಣೆ ಹೆಚ್ಚು. ಹ್ಯಾರಿಸನ್ಸ್ ಕೇವ್ ಎಂಬ ಸುಣ್ಣಕಲ್ಲಿನ ಗುಹೆ, ಪೂರ್ವದ ಬಾತ್‌ಷೀಬಾ ಕರಾವಳಿ ಎರಡನ್ನೂ ನೋಡಲೇಬೇಕು ಎನ್ನುವವರು ಹಡಗಿನ ಟೂರೇ ತೆಗೆದುಕೊಳ್ಳಲಿ. ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಮೊದಲ ಸಲ ಹೋಗುವವರು ಊರು ಮತ್ತು ಕಾರ್ಲೈಲ್ ಕೊಲ್ಲಿ ಇವೆರಡನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಂದರಿನಿಂದ ಊರಿನ ನಡುವಿಗೆ ನಡೆದರೆ 25 ನಿಮಿಷ, ದಾರಿ ಸಮತಟ್ಟು. ದೋಣಿಗಳು ನಿಲ್ಲುವ ಕೆರೀನೇಜ್, ಅದರ ಪಕ್ಕದ ಪಾರ್ಲಿಮೆಂಟ್ ಕಟ್ಟಡ, 1654ರಲ್ಲಿ ಮೊದಲು ಕಟ್ಟಿದ ಯಹೂದಿಯರ ಪ್ರಾರ್ಥನಾ ಮಂದಿರ (ಸಿನಗಾಗ್) ಎಲ್ಲವೂ ಹತ್ತಿರ ಹತ್ತಿರ. 2011ರಿಂದ ಈ ಹಳೆಯ ಊರು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಊರು ದಾಟಿ ಅಷ್ಟೇ ದೂರ ಮುಂದೆ ಹೋದರೆ ಕಾರ್ಲೈಲ್ ಕೊಲ್ಲಿಯ ಬ್ರೌನ್ಸ್ ಬೀಚ್. ಇದು ಪಶ್ಚಿಮಕ್ಕೆ ತೆರೆದ ಕೊಲ್ಲಿ, ಅಲೆ ಕಡಿಮೆ, ನೀರು ತಿಳಿ. ಬೀಚಿಗೆ ಪ್ರವೇಶ ಉಚಿತ, ಕುರ್ಚಿ ಮತ್ತು ಕೊಡೆಗೆ ಬಾಡಿಗೆ. ಆಮೆ ನೋಡಲು, ಮುಳುಗಿದ ಹಳೆಯ ಹಡಗುಗಳ ಮೇಲೆ ಈಜಲು ಇಲ್ಲಿಂದಲೇ ದೋಣಿಗಳು ಹೊರಡುತ್ತವೆ. ಹತ್ತುವ ಮುನ್ನ ಮರಳಿ ಬರುವ ಸಮಯ ಕೇಳಿಕೊಳ್ಳಿ. ಪೂರ್ವದ ಬಾತ್‌ಷೀಬಾದಲ್ಲಿ ಮಾತ್ರ ಸಮುದ್ರಕ್ಕಿಳಿದು ಈಜಬೇಡಿ. ಅದು ಅಟ್ಲಾಂಟಿಕ್, ಒಳಸೆಳೆತ ಬಲವಾಗಿದೆ.

ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮುನ್ನವೇ ದರ ಮಾತಾಡಬೇಕು. 'ಇಪ್ಪತ್ತು ಡಾಲರ್' ಎಂದರೆ ಯಾವ ಡಾಲರ್ ಎಂದು ಕೇಳಿ. ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್, ಕೇಳದಿದ್ದರೆ ಇಮ್ಮಡಿ ಕೊಡುತ್ತೀರಿ. ಅಮೆರಿಕನ್ ನೋಟು ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಸ್ಥಳೀಯ ಹಣದಲ್ಲಿ ಬರುತ್ತದೆ. ಹಾಗಾಗಿ 1 ಮತ್ತು 5 ಡಾಲರಿನ ನೋಟುಗಳನ್ನೇ ಒಯ್ಯಿರಿ.

ಬಸ್ಸಿನ ದರ 3.50 ಬಾರ್ಬಡೋಸ್ ಡಾಲರ್, ಎಲ್ಲಿಗೆ ಹೋದರೂ ಅಷ್ಟೇ. ಸರಕಾರಿ ನೀಲಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ, ಸರಿಯಾದ ಹಣ ಕೈಯಲ್ಲಿರಬೇಕು. 'ಜೆಡ್-ಆರ್' ಎಂದು ಕರೆಯುವ ಬಿಳಿ ವ್ಯಾನುಗಳಲ್ಲಿ ಚಿಲ್ಲರೆ ಸಿಗುತ್ತದೆ. ಆದರೆ ತುಂಬಿ ತುಳುಕುತ್ತವೆ, ಹಾಡಿನ ಅಬ್ಬರವೂ ಜೋರು. ನಿಲ್ದಾಣದ ಫಲಕದಲ್ಲಿ 'ಟು ಸಿಟಿ' ಎಂದಿದ್ದರೆ ಬ್ರಿಜ್‌ಟೌನ್ ಕಡೆಗೆ, 'ಔಟ್ ಆಫ್ ಸಿಟಿ' ಎಂದಿದ್ದರೆ ಊರಿನಿಂದ ಹೊರಕ್ಕೆ. ವಾಹನಗಳು ನಮ್ಮಂತೆಯೇ ಎಡಗಡೆ ಓಡುತ್ತವೆ. ಅಮೆರಿಕದಲ್ಲಿ ಬೆಳೆದ ಮೊಮ್ಮಕ್ಕಳು ರಸ್ತೆ ದಾಟುವಾಗ ಎಡಕ್ಕೆ ನೋಡಿ ಕಾಲಿಡುತ್ತಾರೆ, ಕೈ ಹಿಡಿದುಕೊಳ್ಳಿ.

ಪ್ರಶ್ನೆ: ಹಡಗು ಬಿಟ್ಟು ಹೋದರೆ ಏನು ಮಾಡುವುದು? (ಉಡುಪಿ)

ಉತ್ತರ: ಹಡಗು ತಪ್ಪುವುದಕ್ಕೆ ಗಡಿಯಾರದ ಗೊಂದಲವೂ ಒಂದು ಕಾರಣ. ಬಾರ್ಬಡೋಸ್ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿರುತ್ತದೆ. ಚಳಿಗಾಲದಲ್ಲಿ ಅದು ಹಲವು ಕ್ರೂಸ್‌ಗಳು ಹೊರಡುವ ಅಮೆರಿಕದ ಮಯಾಮಿಗಿಂತ ಒಂದು ಗಂಟೆ ಮುಂದೆ, ಬೇಸಿಗೆಯಲ್ಲಿ ಎರಡೂ ಒಂದೇ. ಹಡಗು ತಾನು ಹೊರಟ ಊರಿನ ಸಮಯವನ್ನೇ ಇಟ್ಟುಕೊಳ್ಳಬಹುದು, ದ್ವೀಪದ ಸಮಯಕ್ಕೂ ಬದಲಾಗಬಹುದು. ಮೊಬೈಲ್ ಮಾತ್ರ ದಡದ ಸಿಗ್ನಲ್ ಹಿಡಿದು ತಾನೇ ಬದಲಾಗುತ್ತದೆ. ಇಳಿಯುವಾಗ ಹಡಗಿನ ಗಡಿಯಾರ ನೋಡಿ ಕೈಗಡಿಯಾರ ಹೊಂದಿಸಿಕೊಂಡು ಅದನ್ನೇ ನಂಬಿ.

ಬಂದರಿನ ಏಜೆಂಟ್ ಎಂದರೆ ಅಲ್ಲಿ ಹಡಗು ಕಂಪನಿಯ ಪ್ರತಿನಿಧಿ. ಅವರ ಫೋನ್ ನಂಬರು ದಿನದ ಕಾರ್ಯಕ್ರಮದ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಇರುತ್ತದೆ, ಬರೆದುಕೊಂಡು ಇಳಿಯಿರಿ. ತಪ್ಪಿಯೇ ಹೋದರೆ ಅವರನ್ನೇ ಕಾಣಿ. ಮುಂದಿನ ಬಂದರಿಗೆ ವಿಮಾನದ ಖರ್ಚು ನಿಮ್ಮದೇ, ಆ ದ್ವೀಪಕ್ಕೆ ವೀಸಾ ಬೇಕೋ ಎಂಬ ಪ್ರಶ್ನೆಯೂ ಆಗ ಏಳುತ್ತದೆ. ಹಡಗಿನ ಕಾರ್ಡ್, ಫೋಟೊ ಇರುವ ಗುರುತುಪತ್ರ, ಪಾಸ್‌ಪೋರ್ಟಿನ ನಕಲು, ಒಂದು ಬ್ಯಾಂಕ್ ಕಾರ್ಡ್ ಮೈಮೇಲಿರಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ದಡದಲ್ಲಿ ಏನಾದರೂ ಸಿಗುತ್ತದೆಯೆ? (ಮೈಸೂರು)

ಉತ್ತರ: ಸಿಗುತ್ತದೆ, ಕೇಳುವುದನ್ನು ಕೇಳಿ ತಿನ್ನಬೇಕು. ಇಲ್ಲಿನ ರಾಷ್ಟ್ರೀಯ ಖಾದ್ಯ ಕೂಕೂ ಮತ್ತು ಹಾರುಮೀನು. ಕೂಕೂ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ಹಾಕಿ ಚಪ್ಪಟೆ ಮರದ ಕೋಲಿನಿಂದ ಗಂಟಿಲ್ಲದಂತೆ ಮುದ್ದೆಯ ಹಾಗೆ ತಿರುವಿದ್ದು. ಮೀನೂ ಅದರ ಸಾರೂ ಬೇಡ ಎಂದು ಹೇಳಿ ಬರೀ ಕೂಕೂ ಕೇಳಬಹುದು. ಅನ್ನಕ್ಕೆ ತೊಗರಿಕಾಳು ಸೇರಿಸಿದ 'ರೈಸ್ ಆ್ಯಂಡ್ ಪೀಸ್' ನೋಡಲು ನಮ್ಮದೇ ಊಟ, ಆದರೆ ಅದರಲ್ಲಿ ಉಪ್ಪು ಹಾಕಿಟ್ಟ ಹಂದಿಮಾಂಸ ಬೇಯಿಸುವ ರೂಢಿ ಇದೆ. ಆಲೂ, ಕಡಲೆಕಾಳಿನ ಪಲ್ಯ ಸುತ್ತಿದ ರೊಟ್ಟಿ, ಬಾಳೆಯ ಫ್ರೈ, ಸುಟ್ಟ ಜೀಗುಜ್ಜೆ (ದೀವಿಹಲಸು) ಇವು ಸುರಕ್ಷಿತ. ನಲ್ಲಿ ನೀರು ಸುಣ್ಣಕಲ್ಲಿನ ಮೂಲಕ ಸೋಸಿ ಬಂದದ್ದು, ಕುಡಿಯಬಹುದು.

ಪ್ರಶ್ನೆ: ಕೆನ್ಸಿಂಗ್ಟನ್ ಓವಲ್ ಮೈದಾನ ಬಂದರಿಗೆ ಹತ್ತಿರವೆ? (ಬೆಂಗಳೂರು)

ಉತ್ತರ: ಬಹಳ ಹತ್ತಿರ, ನಡೆದೇ ಹೋಗಬಹುದು. 1997ರಲ್ಲಿ ಗೆಲ್ಲಲು 120 ರನ್ ಬೇಕಿದ್ದಾಗ ಭಾರತ 81ಕ್ಕೆ ಆಲೌಟ್ ಆದದ್ದೂ ಇಲ್ಲೇ, 2024ರ ಜೂನ್ 29ರಂದು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ-20 ವಿಶ್ವಕಪ್ ಎತ್ತಿದ್ದೂ ಇಲ್ಲೇ. ಅಂದು ಕೋಚ್ ಆಗಿದ್ದವರು ನಮ್ಮ ರಾಹುಲ್ ದ್ರಾವಿಡ್. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ, ಎದುರಿಗೇ ಕ್ರಿಕೆಟ್ ದಿಗ್ಗಜರ ಮ್ಯೂಸಿಯಂ. ಪಂದ್ಯವಿಲ್ಲದ ದಿನ ಮೈದಾನದ ಒಳಗೆ ಬಿಡುತ್ತಾರೆಂದು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಬಟ್ಟೆ, ಬಿಸಿಲು, ಬೀಚಿನ ಬಗ್ಗೆ ಎಚ್ಚರಿಕೆ ಏನಾದರೂ? (ಕಲಬುರಗಿ)

ಉತ್ತರ: ಸೈನಿಕರ ಸಮವಸ್ತ್ರದಂಥ ಮಚ್ಚೆಬಣ್ಣದ (ಕ್ಯಾಮಫ್ಲಾಜ್) ಬಟ್ಟೆ, ಟೋಪಿ, ಚೀಲ ಯಾವುದೂ ಬೇಡ. ಮಕ್ಕಳಿಗೂ ಸೇರಿ ಅದು ಅಲ್ಲಿ ಕಾನೂನುಬಾಹಿರ. ಬ್ರಿಜ್‌ಟೌನ್ ಇರುವುದು ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ, ಆದರೆ ಸಮುದ್ರಮಟ್ಟದಲ್ಲಿ. ಗಾಳಿ ಬೀಸುತ್ತಿರುವುದರಿಂದ ಚರ್ಮ ಸುಡುತ್ತಿರುವುದು ತಿಳಿಯುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಹಡಗು ದಾರಿ ಬದಲಿಸಬಹುದು.

ಬೀಚಿನ ಅಂಚಿನಲ್ಲಿ ಮ್ಯಾಂಚನೀಲ್ ಎಂಬ ಮರವಿದೆ. ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಡುತ್ತದೆ, ತಿಂದರೆ ಬಾಯಿ ಗಂಟಲು ಬೆಂದುಹೋಗುತ್ತದೆ. ಅದರ ಹಾಲು ತಾಗಿದರೆ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಕೆಳಗೆ ನಿಂತರೂ ಎಲೆಯಿಂದ ಇಳಿದ ನೀರೇ ಸುಡುತ್ತದೆ. ಹಲವು ಮರಗಳ ಕಾಂಡಕ್ಕೆ ಕೆಂಪು ಪಟ್ಟೆ ಬಳಿದಿರುತ್ತಾರೆ, ಬಳಿಯದೆ ಉಳಿದವೂ ಇವೆ. ಗುರುತು ತಿಳಿಯದ ಮರದ ನೆರಳಲ್ಲಿ ಟವೆಲ್ ಹಾಸಬೇಡಿ, ಬಿದ್ದ ಕಾಯಿಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಹಾಲು ಮೈಗೆ ತಾಗಿದರೆ ತಕ್ಷಣ ಸೋಪು ಹಾಕಿ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಬರೀ ನೀರಿನಿಂದ ತೊಳೆಯುತ್ತಾ ವೈದ್ಯರ ಬಳಿ ಹೋಗಿ.