ಕಾಫಿ ತೋಟದ ಸಿಲ್ವರ್ ಓಕ್ ದಿಮ್ಮಿಯಲ್ಲಿ ಶಿಟಾಕೆ ಅಣಬೆ ಬೆಳೆಯಬಹುದೇ?

ಮರ ಇನ್ನೂ ಕಡಿದಿಲ್ಲ ತಾನೇ?

ಎರಡು ಎಕರೆ ತೋಟ, ಸಿಲ್ವರ್ ಹೇಗೂ ಇದೆ, ಅಮೆರಿಕದವರು ಓಕ್ ದಿಮ್ಮಿಯಲ್ಲಿ ಬೆಳೆಯೋ ವಿಡಿಯೊ ನೋಡಿದೀನಿ ಅಂತ ಬರೆದು, ಕೆಜಿ ದರ ಹಿಡಿದು ಲಾಭದ ಲೆಕ್ಕವನ್ನೂ ಹಾಕಿದ್ದೀರಿ. ಆರು ವರ್ಷದ ಹಿಂದೆ ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ನಾನೂ ಇದೇ ಮಾತು ಹೇಳ್ತಾ ಗರಗಸ ಹಿಡಿದು ನಿಂತಿದ್ದೆ.

ಕಡಿದದ್ದು 18 ಮರ. ಮುಂದೆ ಮೆಣಸಿನ ಬಳ್ಳಿ ಹಬ್ಬಿಸೋಕೆ ಅಂತ ಅಪ್ಪ ನೆಟ್ಟು ಬೆಳೆಸಿದ್ದ ಎಳೇ ಸಿಲ್ವರ್. ವಿಡಿಯೊದಲ್ಲಿ ಹೇಳಿದಂತೆ ದಿಮ್ಮಿ ನಾಲ್ಕೈದು ಇಂಚು ದಪ್ಪ ಇರಬೇಕಲ್ಲ, ಅದಕ್ಕೆ ಸರಿಯಾಗಿ ಸಿಕ್ಕಿದ್ದು ಅವೇ. ಅಪ್ಪ ಬಂದು ನೋಡಿ, “ಇದರಲ್ಲಿ ಅಣಬೆ ಬರುತ್ತೆ ಅಂತ ನಿಂಗ್ಯಾರು ಹೇಳಿದ್ದು ಮಾರಾಯ?” ಅಂದರು. “ಇದು ಓಕ್ ಅಪ್ಪ, ಓಕ್” ಅಂದೆ.

ನನ್ನನ್ನು ಮುಳುಗಿಸಿದ್ದು ಆ ಎರಡಕ್ಷರ. ಸಿಲ್ವರ್ ಓಕ್ ಓಕ್ ಅಲ್ಲ. ಆಸ್ಟ್ರೇಲಿಯಾದಿಂದ ಬಂದ ಮರ, ಮಕಡೇಮಿಯಾ ಕಾಯಿ ಬಿಡುತ್ತಲ್ಲ, ಆ ಕುಟುಂಬದ್ದು. ನಿಜವಾದ ಓಕ್ ನೋಡಬೇಕಂದರೆ ಹಿಮಾಲಯದ ಕಡೆ ಹೋಗಬೇಕು; ನಮ್ಮ ಘಟ್ಟದ ಕಾಡಲ್ಲಿ ಅದು ಹುಟ್ಟೋದೇ ಇಲ್ಲ. ನೋಡಿ, ಶಿಟಾಕೆ ಅನ್ನೋ ಹೆಸರೇ ಮರದ ಗುಟ್ಟು ಹೇಳುತ್ತೆ: ಜಪಾನಿನಲ್ಲಿ ‘ಶೀ’ ಒಂದು ಮರ, ‘ತಾಕೆ’ ಅಂದರೆ ಅಣಬೆ. ಆ ಶೀ ಮರ ಓಕ್‌ಗೆ ದಾಯಾದಿ. ನಮ್ಮ ಸಿಲ್ವರ್ ಆ ಮನೆಗೆ ದೂರದ ನೆಂಟನೂ ಅಲ್ಲ. ನಾವೆಲ್ಲ ತೋಟದಲ್ಲಿ ಬರೀ ‘ಸಿಲ್ವರ್’ ಅಂತಲೇ ಕರೆಯೋದು. ನಾನೂ ಹಾಗೇ ಕರೆದುಕೊಂಡು ಸುಮ್ಮನಿದ್ದಿದ್ದರೆ ಮರ ಉಳೀತಿತ್ತು.

ಮಾಡಿದ್ದೆಲ್ಲ ಶಾಸ್ತ್ರೋಕ್ತವಾಗಿಯೇ. ಆರಾರು ಇಂಚಿಗೊಂದು ತೂತು, ಅದರೊಳಗೆ ಕೊರಿಯರ್‌ನಲ್ಲಿ ತರಿಸಿದ ಬೀಜ (ಅಣಬೆಯ ಎಳೆ ಹಿಡಿದ ಕಾಳೋ ಹೊಟ್ಟೋ, ಅದಕ್ಕೇ ಬೀಜ ಅನ್ನೋದು), ಮೇಲೆ ಕರಗಿಸಿದ ಮೇಣ. ಕಾಫಿ ನೆರಳಲ್ಲಿ ಜೋಡಿಸಿಟ್ಟೆ. ಮಳೆಗಾಲ ಶುರುವಾದ ಮೇಲೆ ದಿಮ್ಮಿಯ ತುದಿಯಲ್ಲಿ ಬಿಳಿ ಎಳೆ ಕಂಡಾಗ ಊರಿಗೆಲ್ಲ ಫೋಟೊ ಕಳಿಸಿದ್ದೆ. ಅದು ಶಿಟಾಕೆಯದಲ್ಲ, ಕಾಡಿನ ಶಿಲೀಂಧ್ರದ್ದು. ಕೊನೆಗೆ ಎದ್ದದ್ದು ಬೀಸಣಿಗೆಯಂಥ ಬೂದು ಬಣ್ಣದ ಪುಟಾಣಿ ಅಣಬೆ, ಯಾವ ಸತ್ತ ಕೊಂಬೆಯ ಮೇಲಾದರೂ ಬರೋ ಅಂಥದ್ದು. ಸಿಪ್ಪೆ ಕಳಚಿಕೊಂಡಿತು, ನೆಲ ಮುಟ್ಟಿದ್ದ ದಿಮ್ಮಿಗೆ ಗೆದ್ದಲು ಹಿಡಿಯಿತು. ಎರಡು ವರ್ಷ ಕಾದೆ. ಒಂದೇ ಒಂದು ಶಿಟಾಕೆ ಬರಲಿಲ್ಲ.

ಬೇರೆ ಯಾವ ಮರ ಆಗುತ್ತೆ ಅಂತ ಕೇಳ್ತೀರಿ, ಗೊತ್ತು. ದಿಮ್ಮಿಯ ಆಸೆಯನ್ನೇ ಬಿಡಿ ಅಂತೀನಿ. ಅದು ಚಳಿ ದೇಶದ ಪದ್ಧತಿ. ಅಲ್ಲೂ ಮೊದಲ ಬೆಳೆಗೆ ಆರು ತಿಂಗಳಿಂದ ಒಂದೂವರೆ ವರ್ಷ ಕಾಯಬೇಕು. ನಮ್ಮ ಮಳೆಯಲ್ಲಿ ಅಷ್ಟು ದಿನ ಮರ ಕಾಡಿನ ಶಿಲೀಂಧ್ರ, ಗೆದ್ದಲಿನ ಪಾಲಾಗದೆ ಉಳಿಯೋದು ಕಷ್ಟ.

ಆಮೇಲೆ ಚೀಲದಲ್ಲಿ ಬೆಳೆದೆ. ಮಾವಿನ ಮರದ ಗರಗಸದ ಹೊಟ್ಟು, ಐದನೇ ಒಂದು ಭಾಗ ತೌಡು, ಹಿಂಡಿದರೆ ನಾಲ್ಕು ಹನಿ ಬೀಳುವಷ್ಟು ನೀರು. ತೌಡು ಹಾಕಿದ ಮೇಲೆ ಬೇರೆ ಬೂಸ್ಟು ಸಾಯೋಕೆ ಬರೀ ಬಿಸಿನೀರಲ್ಲಿ ಅದ್ದಿ ತೆಗೆದರೆ ಸಾಲದು, ಕುಕ್ಕರಿನಲ್ಲಿ 15 ಪೌಂಡ್ ಒತ್ತಡದಲ್ಲಿ ಎರಡು ಗಂಟೆ ಬೇಯಬೇಕು. (ಅವ್ವ ಆ ಕುಕ್ಕರನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.) ಬೀಜ ಹಾಕಿ ಎರಡರಿಂದ ಮೂರು ತಿಂಗಳಿಗೆ ಬಿಳಿ ಎಳೆ ತುಂಬಿದ ಹೊಟ್ಟು ಗಂಟುಗಂಟಾಗಿ ಕಂದು ತಿರುಗುತ್ತೆ. ಕೊಳೀತು ಅಂತ ಎಸೆಯಬೇಡಿ, ನಾನು ಮೂರು ಎಸೆದೆ. ಅದು ಹದಕ್ಕೆ ಬಂದ ಗುರುತು. ಪ್ಲಾಸ್ಟಿಕ್ ಬಿಚ್ಚಿ ಒಂದು ರಾತ್ರಿ ತಣ್ಣೀರಲ್ಲಿ ಮುಳುಗಿಸಿಟ್ಟರೆ ಮೊಗ್ಗು ಬಿಡುತ್ತೆ. 20 ಚೀಲದಲ್ಲಿ ಹಸಿರು ಬೂಸ್ಟು ಬಾರದೆ ಉಳಿದದ್ದು ಎಂಟು. ಅಷ್ಟರಿಂದ ಬಂದದ್ದು ಎರಡು ಕೆಜಿಗೂ ಕಡಿಮೆ. ಸಾರು ಮಾತ್ರ ಅದ್ಭುತವಾಗಿತ್ತು.

ಇನ್ನು ನಿಮ್ಮ ಲಾಭದ ಲೆಕ್ಕ. ನೀವು ಬರೆದಿರೋ ದರ ಒಣಗಿದ ಅಣಬೆಯದು. ಒಂದು ಕೆಜಿ ಒಣ ಅಣಬೆಗೆ ಏಳರಿಂದ ಹತ್ತು ಕೆಜಿ ಹಸಿ ಬೇಕು. ನೀವು ಹಸಿ ತೂಕಕ್ಕೆ ಒಣ ದರ ಗುಣಿಸಿದ್ದೀರಿ.

ದುಡ್ಡೇ ಬೇಕಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ತರಬೇತಿ ಕೊಡ್ತಾರೆ, ಬೀಜವೂ ಸಿಗುತ್ತೆ. ಮೊದಲು ಭತ್ತದ ಹುಲ್ಲಲ್ಲಿ ಚಿಪ್ಪಣಬೆ ಬೆಳೆದು ಕೈ ಪಳಗಿಸಿಕೊಳ್ಳಿ, ಅದು ತಿಂಗಳು ಚಿಲ್ಲರೆಗೆಲ್ಲ ಕೈಗೆ ಬರುತ್ತೆ. ಶಿಟಾಕೆ ಹುಚ್ಚು ಆಮೇಲೂ ಇಳಿಯದಿದ್ದರೆ ಗಣೇಶನ ಹಬ್ಬದ ಹೊತ್ತಿಗೆ ಹತ್ತು ಚೀಲಕ್ಕೆ ಬೀಜ ಹಾಕಿ. ಡಿಸೆಂಬರ್ ಚಳಿ ಹಿಡಿಯೋ ಹೊತ್ತಿಗೆ ಕಂದು ತಿರುಗಿರುತ್ತೆ. ಸಿಲ್ವರ್‌ಗೆ ಮೆಣಸು ಹಬ್ಬಿಸಿ.