ಮೇಷ್ಟ್ರೇ, ಒಂದು ಪ್ರಶ್ನೆ: ಪಾಸಾದವರು, ಫೇಲಾದವರು, ಬರೆಯದೇ ಹೋದವರು

ಮೇ ತಿಂಗಳು ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಳಿದ ದಿನ ಮಗ್ಗಿ ಬಾಯಿಪಾಠ ಬೇಕಾ, ಮೊಬೈಲ್ ಕಿತ್ತುಕೊಳ್ಳಬೇಕಾ ಎಂದು ಕೇಳುವವರು ಈಗ ಎಸ್ಸೆಸ್ಸೆಲ್ಸಿ ಬಿಟ್ಟು ಬೇರೆ ಮಾತಾಡುವುದಿಲ್ಲ. 2025ರ ಪರೀಕ್ಷೆ-1ರ ಫಲಿತಾಂಶದ ಮೇಲೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಅದು ನನ್ನ ಕಾಲಿಗೇ ಚುಚ್ಚಿದ ಮುಳ್ಳು, ಅದಕ್ಕೆ.

ಪ್ರ: ಪ್ರತಿ ವರ್ಷ ಉಡುಪಿ, ದಕ್ಷಿಣ ಕನ್ನಡ ಮೇಲೆ. ಕಲಬುರಗಿ, ಯಾದಗಿರಿ ಕೆಳಗೆ. ಸರ್ಕಾರ ಎಷ್ಟು ಸುರಿದರೂ ಅಷ್ಟೇ. ಆ ಕಡೆಯ ಮಕ್ಕಳಿಗೆ ಓದುವ ಮನಸ್ಸೇ ಇಲ್ಲ ಅನ್ನಿಸುತ್ತದೆ. ತಪ್ಪಾ? (ಓದುಗರು, ಕುಂದಾಪುರ)

ಉ: ತಪ್ಪು. ಮೊದಲು 'ಪ್ರತಿ ವರ್ಷ' ಎನ್ನುವುದನ್ನೇ ನೋಡೋಣ. 2023ರಲ್ಲಿ ಮೊದಲ ಸ್ಥಾನ ಚಿತ್ರದುರ್ಗದ್ದು, ಶೇ. 96.8. ಆಮೇಲೆ ಮಂಡ್ಯ, ಹಾಸನ. ನಿಮ್ಮ ಉಡುಪಿ, ದಕ್ಷಿಣ ಕನ್ನಡ ಆ ವರ್ಷ ಹದಿನೆಂಟು, ಹತ್ತೊಂಬತ್ತರ ಜಾಗದಲ್ಲಿದ್ದವು. ಮರೆತುಹೋಯಿತಾ?

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಅಂತ. ಉಡುಪಿ ಶೇ. 94ರೊಂದಿಗೆ ಮೇಲಕ್ಕೆ ಹೋಯಿತು. ಚಿತ್ರದುರ್ಗ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಬಂತು. ಯಾದಗಿರಿ 75.49ರಿಂದ 50.59ಕ್ಕೆ ಬಿತ್ತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ಇಡೀ ರಾಜ್ಯ 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗುವುದಿಲ್ಲ ಅಲ್ವಾ? ಮೊದಲೂ ಇಷ್ಟೇ ಬರುತ್ತಿತ್ತು. ಚೀಟಿ, ಕಿಟಕಿ, ಬೋರ್ಡಿನ ಮೇಲೆ ಬರೆದುಕೊಟ್ಟ ಉತ್ತರ ಇವೆಲ್ಲ ಸೇರಿ ಮುಚ್ಚಿಟ್ಟಿದ್ದವು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವೂ ಹೋಯಿತು. ದಕ್ಷಿಣ ಕನ್ನಡ 91.12, ಕಲಬುರಗಿ 42.43.

ಈಗ ಮನಸ್ಸಿನ ವಿಷಯ. ನಾನು ಹನ್ನೊಂದು ವರ್ಷ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆ ಗಣಿತ ಕಲಿಸಿದವನು. ನನ್ನ ಹಾಜರಿ ಪುಸ್ತಕ ತೆಗೆದರೆ ಜೂನ್‌ನಿಂದ ದಸರೆವರೆಗೆ ಸಾಲು ಭರ್ತಿ. ದೀಪಾವಳಿ ಕಳೆಯಿತು ಅಂದರೆ ಕೆಂಪು ಶಾಯಿ ಶುರು. ಹತ್ತಿ ಬಿಡಿಸುವ ಕಾಲ. ಅಪ್ಪ ಅಮ್ಮ ಗುಳೆ ಹೋದ ಮನೆಗಳಲ್ಲಿ ಅಜ್ಜಿ, ಎರಡು ಆಡು, ಒಬ್ಬ ಹತ್ತನೇ ತರಗತಿ ಹುಡುಗಿ. ಅವಳು ತಮ್ಮಂದಿರಿಗೆ ರೊಟ್ಟಿ ಬಡಿದು ಹತ್ತೂವರೆಗೆ ಬರುವಳು, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ. ಹತ್ತಿಕಾಯಿಯ ಮೊನೆ ಚುಚ್ಚಿ ಉಗುರು ಸಂದಿಯೆಲ್ಲ ಗೀರು. ಕೈವಾರ ಹಿಡಿಯುವಾಗ 'ಸರ್, ಉರೀತದ್ರಿ' ಅನ್ನುತ್ತಿದ್ದಳು. ಆದರೂ ವೃತ್ತಕ್ಕೆ ಸ್ಪರ್ಶಕ ಎಳೆಯದೆ ಮನೆಗೆ ಹೋದವಳಲ್ಲ. ಮನಸ್ಸಿಲ್ಲ ಅಂತ ಹೇಗೆ ಹೇಳಲಿ?

2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು 51.83. ಅಂದರೆ ಅಲ್ಲಿ ಹೋಂವರ್ಕ್ ನೋಡುವವರು ಮನೆಯಲ್ಲಿಲ್ಲ. ಯಾವ ಪ್ರದೇಶ ಎಷ್ಟು ಹಿಂದುಳಿದಿದೆ ಎಂದು ಸರ್ಕಾರಕ್ಕಾಗಿ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಅದರಲ್ಲಿ 21 ಕಲಬುರಗಿ ವಿಭಾಗದವು. ಆಮೇಲೆ ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಕೂಡ ಬಂತು. ದುಡ್ಡು ಬಂದು ಗೋಡೆ ಎದ್ದಿತು. ಗೋಡೆಯೊಳಗೆ ನಿಂತು ಪಾಠ ಮಾಡುವವನು ವರ್ಗ ಮಾಡಿಸಿಕೊಂಡು ಹೋದ.

ಹಾಗೆ ಹೋದವರಲ್ಲಿ ನಾನೂ ಒಬ್ಬ. ತಾಯಿಗೆ ಹುಷಾರಿಲ್ಲ ಎಂದು ಶಿವಮೊಗ್ಗ ಕಡೆ ಬಂದೆ. ಕಾರಣ ನಿಜವೇ, ಆದರೆ ಖಾಲಿಯಾದ ಜಾಗವೂ ನಿಜ. ಆ ವರ್ಷ ನನ್ನ ಹತ್ತನೇ ತರಗತಿಗೆ ಗಣಿತದವರು ಯಾರೂ ಬರಲಿಲ್ಲ. ಸಮಾಜ ವಿಜ್ಞಾನದ ಮೇಷ್ಟ್ರು ಪಾಪ ಗೈಡ್ ನೋಡಿಕೊಂಡು ಥೇಲ್ಸ್ ಪ್ರಮೇಯ ಬರೆಸಿದರಂತೆ. ಕಲಬುರಗಿ, ಯಾದಗಿರಿ ಕಡೆಯ ಶೇಕಡಾವಾರು ಓದುವಾಗ ಅದರಲ್ಲಿ ನನ್ನದೂ ಒಂದಿಷ್ಟು ಇದೆ ಅಂತ ನನಗನ್ನಿಸುತ್ತದೆ.

ಪ್ರ: ಹಳ್ಳಿ ಮಕ್ಕಳು ಹಿಂದೆ, ಪೇಟೆ ಮಕ್ಕಳು ಮುಂದೆ ಅಂತಾರಲ್ಲ, ಎಷ್ಟು ನಿಜ? (ಓದುಗರು, ತಿಪಟೂರು)

ಉ: ಪಾಸಿನ ಲೆಕ್ಕದಲ್ಲಿ ಅಂಥ ದೊಡ್ಡ ಅಂತರ ಇಲ್ಲ. 2025ರಲ್ಲಿ ನಗರ 67.05, ಗ್ರಾಮಾಂತರ 65.47. ಹಿಂದಿನ ವರ್ಷ ಹಳ್ಳಿಯೇ ಮುಂದಿತ್ತು. ಅಂತರ ಇರುವುದು ಹಳ್ಳಿಗೂ ಪೇಟೆಗೂ ನಡುವೆ ಅಲ್ಲ. ಈ ಜಿಲ್ಲೆಯ ಹಳ್ಳಿಗೂ ಆ ಜಿಲ್ಲೆಯ ಹಳ್ಳಿಗೂ ನಡುವೆ.

ಪ್ರ: ನನಗೆ ಅವಳಿ ಮಕ್ಕಳು. ಒಂದೇ ಮನೆ, ಒಂದೇ ಅನ್ನ, ಒಂದೇ ಶಾಲೆ. ಮಗಳು ಡಿಸ್ಟಿಂಕ್ಷನ್, ಮಗ ಎರಡು ವಿಷಯ ಫೇಲ್. ಗಂಡು ಮಕ್ಕಳಿಗೆ ಏನಾಗಿದೆ? (ಒಬ್ಬ ತಾಯಿ, ಕಡೂರು)

ಉ: ನಿಮ್ಮ ಮನೆಯಲ್ಲಿ ಆಗಿದ್ದೇ ರಾಜ್ಯದಲ್ಲೂ ಆಗಿದೆ. ಈ ಸಲ ಹುಡುಗಿಯರು ಶೇ. 74, ಹುಡುಗರು 58.07. 2023ರಲ್ಲಿ ಇಬ್ಬರ ನಡುವಿನ ಅಂತರ ಹೆಚ್ಚುಕಮ್ಮಿ ಎಂಟು. ಕ್ಯಾಮೆರಾ ಬಂದ ವರ್ಷ ಹದಿನೈದು, ಈಗ ಹದಿನಾರು. ಕಿಟಕಿಯ ಸಹಾಯ ಯಾರಿಗೆ ಜಾಸ್ತಿ ಸಿಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾ?

ಹಾಗಂತ ಹುಡುಗರನ್ನು ಬೈದು ಮುಗಿಸಲು ನನಗೆ ಇಷ್ಟವಿಲ್ಲ. ಹದಿನಾಲ್ಕು ತುಂಬಿದ ಹುಡುಗನಿಗೆ ಊರಲ್ಲಿ ಸಂಬಳ ಕಾಯುತ್ತಿರುತ್ತದೆ. ಟ್ರಾಕ್ಟರ್, ಶಾಮಿಯಾನ, ಮೊಬೈಲ್ ಅಂಗಡಿ, ಮದುವೆ ಮನೆಯಲ್ಲಿ ಬಡಿಸುವ ಕೆಲಸ. ರಾತ್ರಿ ಹನ್ನೊಂದಕ್ಕೆ ಬಂದರೂ 'ಎಲ್ಲಿದ್ದೆ' ಅಂತ ಯಾರೂ ಕೇಳುವುದಿಲ್ಲ. ಹುಡುಗಿಗೆ ಶಾಲೆ ಎಂದರೆ ಮನೆಯಿಂದ ಹೊರಬೀಳಲು ಇರುವ ಒಂದೇ ಪರವಾನಗಿ. ಫೇಲಾದರೆ ಮರುವಾರವೇ ಮನೆಯಲ್ಲಿ ಗಂಡು ನೋಡುವ ಮಾತು. ಅವಳು ಓದುವುದರಲ್ಲಿ ಅರ್ಧ ಆಸೆ, ಅರ್ಧ ಹೆದರಿಕೆ. ಅದಕ್ಕೇ 'ಬಾಲಕಿಯರೇ ಮೇಲುಗೈ' ಎಂಬ ತಲೆಬರಹ ಓದಿದಾಗ ನನಗೆ ಪೂರ್ತಿ ಖುಷಿಯಾಗುವುದಿಲ್ಲ.

ಇನ್ನೊಂದು ಲೆಕ್ಕ, ಚಾಳಿ ಬಿಡದ ಗಣಿತ ಮೇಷ್ಟ್ರದ್ದು. ಈ ಸಲ ಶಾಲೆಗಳಿಂದ ಪರೀಕ್ಷೆ ಬರೆದ ಹುಡುಗಿಯರು 4,00,579. ಹುಡುಗರು 3,90,311. ಇವರೆಲ್ಲ 2011ರ ಜನಗಣತಿ ಹೊತ್ತಿಗೆ ತೊಟ್ಟಿಲ ಕೂಸುಗಳು. ಆಗ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಹುಡುಗರಿಗೆ 948 ಹುಡುಗಿಯರಿದ್ದರು. ಆ ಪ್ರಮಾಣ ಹಿಡಿದರೆ ಹುಡುಗರು ಸುಮಾರು 4.22 ಲಕ್ಷ ಬರೆಯಬೇಕಿತ್ತು. ಮೂವತ್ತು ಸಾವಿರಕ್ಕೂ ಹೆಚ್ಚು ಹುಡುಗರು ಎಲ್ಲಿ? ಕೆಲವರು ಸಿಬಿಎಸ್‌ಇ ಶಾಲೆಗಳಲ್ಲಿ (ಮಗನಿಗೆ ಸಿಬಿಎಸ್‌ಇ, ಮಗಳಿಗೆ ಊರ ಶಾಲೆ ಅನ್ನುವ ಮನೆಗಳು ನನಗೆ ಚೆನ್ನಾಗಿ ಗೊತ್ತು). ಉಳಿದವರು ಹಾಲ್ ಟಿಕೆಟ್‌ವರೆಗೂ ಬರಲಿಲ್ಲ. ನಿಮ್ಮ ಮಗ ಫೇಲಾದರೂ ಬರೆದ ತಾನೇ. ಅಷ್ಟು ಸಮಾಧಾನ ತಂದುಕೊಳ್ಳಿ. ಮಗಳ ಅಂಕಪಟ್ಟಿಯನ್ನು ಅವನ ಎದುರು ಹಿಡಿಯಬೇಡಿ.

ಪ್ರ: ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸುವವರು ಶೇ. 87 ಅಂತಾರೆ. ನಮ್ಮಲ್ಲಿ ಈ ಸಲ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದು ಪಾಸಾದವರು 66. ಅಷ್ಟು ಹಿಂದಿದ್ದೀವಾ? (ಕನ್ನಡಿಗರು, ನ್ಯೂಜೆರ್ಸಿ)

ಉ: ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಿಮ್ಮಲ್ಲಿ ಒಂಬತ್ತನೇ ತರಗತಿಗೆ ಸೇರಿದ ಮಕ್ಕಳನ್ನೆಲ್ಲ ಒಂದು ಗುಂಪೆಂದು ಹಿಡಿದು, ನಾಲ್ಕು ವರ್ಷ ಹಿಂಬಾಲಿಸಿ, ಎಷ್ಟು ಮಂದಿ ಮುಗಿಸಿದರು ಅಂತ ನೋಡುತ್ತಾರೆ. ನಡುವೆ ಬಿಟ್ಟವನೂ ಛೇದದಲ್ಲಿ ಇರುತ್ತಾನೆ. 2021-22ರ 87 ಹಾಗೆ ಬಂದದ್ದು. ಅದರೊಳಗೂ ಏಷ್ಯಾ ಮೂಲದವರು 94, ಮೂಲನಿವಾಸಿ ಇಂಡಿಯನ್ನರು 74. ನಿಮ್ಮ ಮನೆ ಮಕ್ಕಳು ಯಾವ ಸಾಲಿನಲ್ಲಿ ಬರುತ್ತಾರೆ ಅಂತ ನಿಮಗೇ ಗೊತ್ತು.

ನಮ್ಮದು ಪರೀಕ್ಷೆ ಬರೆದವರ ಲೆಕ್ಕ ಮಾತ್ರ. ಎಂಟರಲ್ಲಿ ಬಿಟ್ಟವಳು, ಒಂಬತ್ತರಲ್ಲಿ ಗಾರೆ ಕೆಲಸಕ್ಕೆ ಹೋದವನು ಛೇದದಲ್ಲೇ ಇಲ್ಲ. ಇದರ ಲಾಭ ಪಡೆಯುವವರೂ ಇದ್ದಾರೆ. ನಾನು ನಿವೃತ್ತನಾದ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಒಂದು ವರ್ಷ ಪಾಠ ಮಾಡಿದೆ. ಗೇಟಿನ ಮೇಲೆ 'ನೂರಕ್ಕೆ ನೂರು ಫಲಿತಾಂಶ' ಅಂತ ಫ್ಲೆಕ್ಸ್. ಮಾರ್ಚ್‌ನಲ್ಲಿ ಒಂಬತ್ತನೇ ತರಗತಿಯ ಏಳು ಮಕ್ಕಳ ಪಾಲಕರನ್ನು ಕರೆಸಿ, ಟೀ ಕೊಟ್ಟು, ಟಿ.ಸಿ.ಯನ್ನೂ ಕೊಟ್ಟು ಕಳಿಸಿದರು. ಒಬ್ಬ ತಂದೆಗೆ ಇಂಗ್ಲಿಷ್ ಬಾರದು. ನನ್ನ ಹತ್ತಿರ ಬಂದು 'ಇದು ಪಾಸಾದ ಕಾಗದ ಏನ್ ಸಾರ್?' ಅಂತ ಕೇಳಿದರು. ಮರುವರ್ಷ ನಾನು ಅಲ್ಲಿಗೆ ಹೋಗಲಿಲ್ಲ. ಫ್ಲೆಕ್ಸ್ ಮಾತ್ರ ಹೊಸದು ಬಂತು.

ಈಗ ಶಾಲಾ ಮಕ್ಕಳ ದಾಖಲೆ ಇಡುವ ಸರ್ಕಾರದ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ನಂಬರ್ ಇದೆ. ಒಂದನೇ ತರಗತಿಯಿಂದ ಯಾರು ಎಲ್ಲಿ ಕಳೆದುಹೋದರು ಅಂತ ಹುಡುಕಬಹುದು. ಫಲಿತಾಂಶದ ದಿನ ಜಿಲ್ಲಾವಾರು ಪಟ್ಟಿಯ ಪಕ್ಕದಲ್ಲಿ ಆ ಇನ್ನೊಂದು ಪಟ್ಟಿಯನ್ನೂ ಹಾಕಲಿ, ಆಗ ಯಾರು ಮೊದಲು ಅಂತ ನೋಡೋಣ.

ಪ್ರ: ಮಗ ಗಣಿತ, ವಿಜ್ಞಾನದಲ್ಲಿ ಫೇಲು. ನಾವು ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗವರು. ಅವನನ್ನೂ ಕರಕೊಂಡು ಹೋಗಿ, ಮುಂದಿನ ವರ್ಷ ಕಟ್ಟಿಸಿದರ ನಡೀತದ? (ಒಬ್ಬ ತಂದೆ, ಸಿಂದಗಿ. ಪತ್ರ ಬರೆದುಕೊಟ್ಟವನು ಮಗನೇ ಇರಬೇಕು, ಅಕ್ಷರ ದುಂಡಗಿದೆ.)

ಉ: ಕರೆದುಕೊಂಡು ಹೋಗಬೇಡಿ. ಯಾಕೆ ಅಂದರೆ ಈ ಕಳೆಯುವ ಲೆಕ್ಕ ನೋಡಿ. ಈ ಸಲ ಒಟ್ಟು ಬರೆದವರು 8,42,173, ಪಾಸಾದವರು 5,24,984. ಇದರಲ್ಲಿ ಶಾಲೆಯಿಂದ ನೇರ ಬರೆದವರು 7,90,890, ಅವರಲ್ಲಿ ಪಾಸು 5,23,075. ಕಳೆದರೆ ಉಳಿಯುವುದು ಬಿಟ್ಟು ಕಟ್ಟಿದವರು, ಖಾಸಗಿಯಾಗಿ ಬರೆದವರು. ಅವರು 51,283 ಮಂದಿ. ಪಾಸಾದವರು 1,909. ನೂರಕ್ಕೆ ನಾಲ್ಕು ಮಂದಿಯೂ ಇಲ್ಲ. ಶಾಲೆಯ ಬಾಗಿಲು ದಾಟಿದ ಮೇಲೆ ಪುಸ್ತಕ ಹಿಡಿಯುವುದು ಅಷ್ಟು ಕಷ್ಟ. ದಿನವಿಡೀ ಸಿಮೆಂಟ್ ಹೊತ್ತವನಿಗೆ ರಾತ್ರಿ ವಿದ್ಯುತ್ ಅಧ್ಯಾಯ ತಲೆಗೆ ಹತ್ತುತ್ತದಾ?

2025ರ ಈ ಸಾಲಿಗೆ ಮೂರು ಪರೀಕ್ಷೆ. ಎರಡನೆಯದು, ಮೂರನೆಯದು ಈ ಬೇಸಿಗೆ, ಮಳೆ ಶುರುವಿನಲ್ಲೇ ಮುಗಿಯುತ್ತವೆ. ಅಲ್ಲಿಯವರೆಗೆ ಅವನು ಅಜ್ಜಿಯ ಹತ್ತಿರ ಇರಲಿ. ಆಗಲೂ ಆಗಲಿಲ್ಲವೆಂದರೆ ಅದೇ ಶಾಲೆಗೆ ಮತ್ತೆ ಸೇರಿಸಿಕೊಳ್ಳುತ್ತಾರಾ ಅಂತ ಹೆಡ್‌ಮಾಸ್ಟರ್‌ರನ್ನು ನೀವೇ ಹೋಗಿ ಕೇಳಿ, ಚೀಟಿ ಕಳಿಸಬೇಡಿ. ಗಣಿತಕ್ಕೆ ಇಡೀ ಪುಸ್ತಕ ಬೇಡ. ನಮ್ಮ ಮೇಷ್ಟ್ರುಗಳು 'ಪಾಸಿಂಗ್ ಪ್ಯಾಕೇಜ್' ಅನ್ನುತ್ತಾರಲ್ಲ, ಅದನ್ನು ಶಾಲೆಯಲ್ಲೇ ಕೇಳಿ ಪಡೆಯಿರಿ. ಸಮೀಕರಣಗಳ ಜೋಡಿಯ ನಕ್ಷೆ, ಸರಾಸರಿ, ಸಮಾಂತರ ಶ್ರೇಢಿ, ಒಂದು ಪ್ರಮೇಯ. ದಿನಕ್ಕೆ ಒಂದೊಂದನ್ನು ನೋಡದೆ ಬರೆದು, ಆಮೇಲೆ ಪುಸ್ತಕ ತೆಗೆದು ತಾಳೆ ನೋಡಲಿ. ನಕ್ಷೆಗೆ ಚೂಪು ಪೆನ್ಸಿಲ್ ಕೊಡಿಸಿ. ಮೊಂಡು ಪೆನ್ಸಿಲ್ಲಿನಲ್ಲಿ ಎಳೆದರೆ ಎರಡು ಗೆರೆ ಎಲ್ಲಿ ಸೇರಿದವು ಅಂತ ಪೇಪರ್ ತಿದ್ದುವವರಿಗೆ ಕಾಣುವುದಿಲ್ಲ.