ಮೂರು ವರ್ಷದ ಮಗು ‘ಇಸು’ ಬಿಟ್ಟರೆ ಗಾಬರಿ ಯಾಕೆ?

ಪ್ರಶ್ನೆ: ಮಗಳಿಗೆ ಮೂರು ವರ್ಷ. ‘ಅಮ್ಮ, ಗೊಂಬೆಗೆ ಅನ್ನ ತಿನ್ನು’ ಅನ್ನುತ್ತಾಳೆ. ‘ತಿನ್ನಿಸು’ ಅಂತ ಎಷ್ಟು ತಿದ್ದಿದರೂ ಕೇಳಲ್ಲ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಪ್ಲೇಹೋಮ್‌ನಲ್ಲಿ ಇಂಗ್ಲಿಷ್. ಗೊಂದಲ ಆಗಿದೆಯಾ?
– ಓದುಗರು, ರಾಜಾಜಿನಗರ

ಉತ್ತರ: ಇಲ್ಲ. ಮೂರು ಭಾಷೆ ಕೇಳಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಅನ್ನುವ ಮಾತನ್ನು ಬೆಂಗಳೂರಿನವರೂ ನಂಬಿದರೆ ನನಗೆ ಬೇಜಾರಾಗುತ್ತದೆ. ಈ ಹೆದರಿಕೆಗೆ ಎಷ್ಟೋ ಮನೆಗಳಲ್ಲಿ ಕನ್ನಡ ನಿಂತುಹೋಗಿದೆ. ದಯವಿಟ್ಟು ನಿಲ್ಲಿಸಬೇಡಿ.

ಈಗ ‘ತಿನ್ನು’ ವಿಷಯ. ‘ತಿನ್ನಿಸು’ವಿನ ಕೊನೆಯಲ್ಲಿರುವ, ಮಾಡಿಸುವುದನ್ನು ಹೇಳುವ ‘ಇಸು’ ನಿಮ್ಮ ಮಗಳು ಬಿಡುತ್ತಿದ್ದಾಳೆ. ಸಂಶೋಧಕರಾದ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಇದೇ ‘ಇಸು’ ಹಿಡಿದು ಮೂರು ವರ್ಷದ ಕನ್ನಡ ಮಕ್ಕಳ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಅವರು ವಾಕ್ಯ ಹೇಳುವುದು, ಮಕ್ಕಳು ಆಟಿಕೆಗಳಿಂದ ಅದನ್ನು ಮಾಡಿ ತೋರಿಸುವುದು. ‘ಇಸು’ ಕಿವಿಗೆ ಬಿದ್ದರೆ ಯಾರೋ ಮಾಡಿಸುತ್ತಿದ್ದಾರೆ ಅಂತ ದೊಡ್ಡವರಿಗೆ ಗೊತ್ತಾಗುತ್ತದೆ. ಮಕ್ಕಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ವಾಕ್ಯದಲ್ಲಿ ಇಬ್ಬರಿದ್ದರೆ, ‘ಇಸು’ ಇಲ್ಲದಿದ್ದರೂ ಒಬ್ಬರು ಇನ್ನೊಬ್ಬರಿಂದ ಮಾಡಿಸುವಂತೆ ತೋರಿಸಿದರು. ಒಬ್ಬರೇ ಇದ್ದರೆ, ‘ಇಸು’ ಇದ್ದರೂ ಅವರೇ ಮಾಡಿದಂತೆ ತೋರಿಸಿದರು.

ನಿಜಕ್ಕೂ ಜಾಸ್ತಿ ನಂಬಬಹುದಾದ ಸುಳಿವು ‘ಇಸು’ವೇ. ‘ನಾಯಿ ಬೆಕ್ಕನ್ನು ನೋಡಿತು’ ಅಂದಾಗ ಇಬ್ಬರಿದ್ದಾರೆ, ಆದರೆ ಯಾರೂ ಏನನ್ನೂ ಮಾಡಿಸುತ್ತಿಲ್ಲ, ಅಲ್ವಾ? ಆದರೂ ಆ ವಯಸ್ಸಿಗೆ ವಾಕ್ಯದಲ್ಲಿ ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕವೇ ಮೇಲು. ಅಲ್ಲಿ ಪರೀಕ್ಷೆ ಮಾಡಿದ್ದು ಅರ್ಥ ಮಾಡಿಕೊಳ್ಳುವುದನ್ನು. ನಿಮ್ಮ ಮಗಳ ಮಾತಿನಲ್ಲೂ ಅದೇ ಲೆಕ್ಕ ಇದೆ ಅಂತ ನನ್ನ ಅಂದಾಜು. ಅಮ್ಮ, ಗೊಂಬೆ, ಅನ್ನ ಮೂರೂ ಬಂದಮೇಲೆ ಅವಳ ಮಟ್ಟಿಗೆ ಹೇಳಬೇಕಾದ್ದು ಮುಗಿಯಿತು.

ಯಾರು, ಯಾರಿಗೆ, ಪದದ ಕೊನೆಯಲ್ಲಿ ಏನಿದೆ, ಕಣ್ಣೆದುರು ಏನು ನಡೆಯುತ್ತಿದೆ – ಇವೆಲ್ಲ ನಿಧಾನವಾಗಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಅದಕ್ಕೆ ಪೂರ್ತಿ ವಾಕ್ಯ ಕಿವಿಗೆ ಬೀಳಬೇಕು. ನಾವೋ ಮನೆಯಲ್ಲಿ ‘ತಿನ್ನಿಸು’, ‘ಕುಡಿಸು’ ಅಂತ ಒಂದೇ ಪದ ಎಸೆದು ಸುಮ್ಮನಾಗುತ್ತೇವೆ. ತಿದ್ದುವುದು ಬಿಡಿ. ‘ಹೂಂ, ಅಮ್ಮ ಗೊಂಬೆಗೆ ಅನ್ನ ತಿನ್ನಿಸ್ತಾಳೆ’ ಅಂತ ಆಟ ಮುಂದುವರಿಸಿ.

ಪ್ರಶ್ನೆ: ‘ಕೊಟ್ಟೆ’ ಅನ್ನುತ್ತಿದ್ದ ಮಗ ಈಗ ‘ಕೊಡಿದೆ’ ಅನ್ನುತ್ತಾನೆ. ಹಿಂದೆ ಬಿದ್ದನಾ?

ಉತ್ತರ: ಮುಂದೆ ಬಂದಿದ್ದಾನೆ. ನೋಡಿದೆ, ಹಾಡಿದೆಯ ನಿಯಮ ಅವನಿಗೆ ಸಿಕ್ಕಿದೆ, ಅದನ್ನೇ ‘ಕೊಡು’ಗೂ ಹಚ್ಚುತ್ತಿದ್ದಾನೆ.

ಪ್ರಶ್ನೆ: ಎರಡು ವರ್ಷವಾದರೂ ಒಂದು ಪದ ಇಲ್ಲ. ನಾಲಿಗೆಗೆ ಬಜೆ, ಜೇನು ಹಚ್ಚಲಾ? ನಾಲಿಗೆ ಕೆಳಗಿನ ಎಳೆ ಕತ್ತರಿಸಿ ಅಂತಲೂ ಒಬ್ಬರು ಹೇಳಿದರು.

ಉತ್ತರ: ಯಾವುದೂ ಬೇಡ. ವರ್ಷ ತುಂಬದ ಮಕ್ಕಳಿಗಂತೂ ಜೇನು ಅಪಾಯ. ‘ಗಂಡುಮಕ್ಕಳಿಗೆ ಮಾತು ತಡ’ ಅಂತ ಸುಮ್ನೆ ಕಾಯಲೂಬೇಡಿ. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ. ಆ ವರದಿ ಹಿಡಿದು ವಾಕ್ ತಜ್ಞರನ್ನು ನೋಡಿ. ನಿಮ್ಹಾನ್ಸ್‌ನಲ್ಲೂ ಇದ್ದಾರೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇದ್ದಾರೆ.